ಒಡೆದ ಬಟ್ಟಲುಗಳ ನೆಲ

ಮೌಂಟ್ ನೀಬೋ, ಅಲಬಾಮಾ
೧೨ ಅಕ್ಟೋಬರ್ ೧೯೯೮

ಪ್ರೀತಿಯ ವರ್ಲೀನಕ್ಕ,

ನಿನ್ನ ಆಗಸ್ಟಿನ ಕಾಗದಕ್ಕೆ ಈಗ ಉತ್ತರಿಸುತ್ತಿದ್ದೇನೆ. ಸೋಮಾರಿತನವೆಂದು ಬೈಯಬೇಡ; ಎರಡು ಸಲ ಬರೆದು ಹರಿದಿದ್ದೇನೆ. ಟೊಲೀಡೊದಲ್ಲಿ ಆಗಲೇ ಚಳಿ ಹಿಡಿದಿರಬೇಕು. ನಿನ್ನ ಮಂಡಿ ಹೇಗಿದೆ? ಇಲ್ಲಿ ಹತ್ತಿ ಬಿಡಿಸುವ ಯಂತ್ರಗಳ ಧೂಳು ಇನ್ನೂ ಅಡಗಿಲ್ಲ. ಶಾಲೆಯಿಂದ ನಿವೃತ್ತಳಾದ ಮೇಲೆ ಬೆಳಗಿನ ಹೊತ್ತು ಏನು ಮಾಡುವುದೆಂದು ತಿಳಿಯದೆ ಇದ್ದೆ. ಈ ಎರಡು ತಿಂಗಳಂತೂ ಆ ಚಿಂತೆ ಇರಲಿಲ್ಲ.

ಚರ್ಚಿನ ಹಿಂದಿನ ರಸ್ತೆಯನ್ನು ಅಗಲ ಮಾಡುತ್ತಾರಂತೆ. ಸ್ಮಶಾನದ ಅಂಚು ಹೋಗುತ್ತದೆಂದು ಗೊತ್ತಾದಾಗ ನಾವು ರಸ್ತೆ ಇಲಾಖೆಗೆ ಹೋಗಿ ಕೇಳಿದೆವು. ಯಾವ ಸಮಾಧಿ ಯಾರದೆಂದು ನಾವು ತೋರಿಸಿಕೊಟ್ಟರೆ ಅಲ್ಲಿಗೆ ರಸ್ತೆ ಬಾರದು ಎಂದರು. ಇದೇ ತಿಂಗಳ ಇಪ್ಪತ್ತೆರಡಕ್ಕೆ ಸರ್ವೆಯವರು ಬರುತ್ತಾರೆ. ಗುಲಾಮಗಿರಿಯಿಂದ ಬಿಡುಗಡೆಯಾದ ಆರೇ ವರ್ಷಕ್ಕೆ ನಮ್ಮ ಹನ್ನೊಂದು ಕುಟುಂಬಗಳು ಕೂಡಿ ಕೊಂಡ ನೆಲ ಅದು. ತೋರಿಸುವುದೇನು ಮಹಾ ಎಂದುಕೊಂಡೆವು. ಕಲ್ಲುಗಳಿಲ್ಲದಿದ್ದರೇನು, ಪ್ರತಿ ಮಣ್ಣಿನ ದಿಬ್ಬದ ಮೇಲೂ ಅವರವರ ಒಡೆದ ಬಟ್ಟಲು, ದೀಪದ ಚಿಮಣಿ, ಕೆಟ್ಟ ಗಡಿಯಾರ ಕೂತಿದ್ದವಲ್ಲ.

ಅಷ್ಟರಲ್ಲಿ ಕ್ಯಾರೊಲಿನ್ ಹ್ಯಾಸ್ಕ್ಯೂ ನಮಗೆ ಸಹಾಯ ಮಾಡಿದಳು. ಅಮ್ಮ ಇಪ್ಪತ್ತಾರು ವರ್ಷ ಇಸ್ತ್ರಿ ಮಾಡಿಕೊಟ್ಟ ಬಿಳಿಯರ ಮನೆಯ ಮೊಮ್ಮಗಳು. ಈಗ ಪಟ್ಟಣದ ಇತಿಹಾಸ ಸಂಘಕ್ಕೆ ಅವಳೇ ಮುಖ್ಯಸ್ಥೆ. ನಮ್ಮ ಸ್ಮಶಾನ ಹಾಳುಬಿದ್ದಿದೆ, ಸರ್ವೆಯವರು ನೋಡಿದರೆ ಏನೆಂದಾರು ಎಂದು ಮರುಗಿ, ತನ್ನ ಚರ್ಚಿನ ಇಪ್ಪತ್ತು ಜನರನ್ನು ಕರೆತಂದು, ನಾವೆಲ್ಲ ಮಾಂಟ್ಗೊಮರಿಯ ಸಮ್ಮೇಳನಕ್ಕೆ ಹೋಗಿದ್ದ ಶನಿವಾರ ಪೂರ್ತಿ ಬೆವರು ಸುರಿಸಿ ಗುಡಿಸಿಹಾಕಿದ್ದಾಳೆ. ಭಾನುವಾರ ಚರ್ಚಿನ ಮೆಟ್ಟಿಲ ಬಳಿ ಕಾದಿದ್ದಳು.

"ಮಿಸೆಸ್ ಟಾಲಿವರ್, ಒಂದ್ಸಲ ಹಿಂದುಗಡೆ ಬಂದು ನೋಡಿ. ಗಾಜಿನ ಚೂರು, ಹಳೇ ಪಿಂಗಾಣಿ, ಎಲ್ಲಾ ತೆಗೆಸಿಬಿಟ್ಟಿದ್ದೀವಿ. ಯಾರೋ ವರ್ಷಗಟ್ಲೆ ಕಸ ತಂದು ಸುರಿದಿದ್ರು, ಪಾಪ."

ಅವಳ ಅಜ್ಜಿ ಅಮ್ಮನನ್ನು ಸಾಯುವತನಕ ಬರೀ ಹೆಸರು ಹಿಡಿದು ಕರೆದಳು. ಇವಳು ನನ್ನನ್ನು ಮಿಸೆಸ್ ಎನ್ನುತ್ತಾಳೆ. ಆ ಒಂದು ಪದಕ್ಕೆ ನಾವು ಎಷ್ಟು ವರ್ಷ ಕಾದೆವು, ಅಕ್ಕ. ಅಂಥವಳು ಹಿಂದುಗಡೆ ಬಾಚಿದ ತಲೆಯಂತೆ ನುಣ್ಣಗೆ ಮಾಡಿಟ್ಟಿದ್ದ ನೆಲವನ್ನು ತೋರಿಸುತ್ತ ನಿಂತಾಗ ಮೊದಲು ಮಾತಾಡಿದವರು ನಮ್ಮ ಚರ್ಚಿನ ಹಿರಿಯರು, ಡೀಕನ್ ಓಬಡಾಯ. ನೆನಪಿದ್ದಾರಲ್ಲ, ಕುದುರೆಗಳಿಗೆ ಲಾಳ ಕಟ್ಟುತ್ತಿದ್ದವರು. ಎಂಬತ್ತೆಂಟಾಯಿತು, ಕಣ್ಣು ಹೋಗಿದೆ. ಕೋಲಿನಿಂದ ನೆಲ ತಡವಿ ಕೇಳಿದರು:

"ನನ್ನ ಹ್ಯಾಟಿ ಎಲ್ಲಿ?"

"ಯಾರು ಸರ್?" ಎಂದಳು ಕ್ಯಾರೊಲಿನ್.

"ನನ್ನ ಹೆಂಡ್ತಿ. ಇಲ್ಲೇ ಇದ್ಲು. ನಿನ್ನೆ ನೀನು ಅವಳನ್ನ ಗುಡಿಸಿಬಿಟ್ಟೆ ಕಣಮ್ಮ."

ಆಮೇಲೆ ಅವರೇ ತಿಳಿಸಿ ಹೇಳಿದರು, ಮಗುವಿಗೆ ಹೇಳುವ ಹಾಗೆ: ಸತ್ತವರು ಕೊನೆಗೆ ಮುಟ್ಟಿದ ಪಾತ್ರೆಯನ್ನು ಒಡೆದು ಮೇಲಿಡುತ್ತೇವೆ, ಒಡೆಯದಿದ್ದರೆ ಕೊಂಡಿ ಉಳಿಯುತ್ತದೆ, ಅವರು ಮನೆಯಲ್ಲಿ ಇನ್ನೊಬ್ಬರನ್ನು ತಮ್ಮ ಬಳಿಗೆ ಕರೆದುಕೊಳ್ಳುತ್ತಾರೆ, ಅದು ಕಸವಲ್ಲ, ಅದೇ ಹೆಸರು. ಕ್ಯಾರೊಲಿನ್ ಕುತ್ತಿಗೆಯವರೆಗೆ ಕೆಂಪಾದಳು. ಅಳಲಿಲ್ಲ, ಅದಕ್ಕೆ ಅವಳ ಮೇಲೆ ಗೌರವ ಬಂತು. ಅತ್ತಿದ್ದರೆ ನಾವೇ ಸಮಾಧಾನ ಮಾಡಬೇಕಾಗುತ್ತಿತ್ತು.

"ಚೀಲಗಳು ಇನ್ನೂ ನಮ್ಮ ಕೊಟ್ಟಿಗೇಲೇ ಇವೆ," ಎಂದಳು. "ಈಗಲೇ ತರ್ತೀನಿ."

ಹತ್ತೊಂಬತ್ತು ಚೀಲ. ಮರುವಾರ ಚರ್ಚಿನ ಊಟದ ಹಾಲ್‌ನಲ್ಲಿ ನೆಲಕ್ಕೆ ಟಾರ್ಪಾಲು ಹಾಸಿ ಎಲ್ಲವನ್ನೂ ಹರಡಿದೆವು. ಅಕ್ಕ, ನೀನು ಇರಬೇಕಿತ್ತು. ಬರ್ಮಿಂಗ್‌ಹ್ಯಾಮ್‌ನಿಂದ, ಮೊಬೀಲ್‌ನಿಂದ ಜನ ಬಂದರು. ಚೂರು ಸಿಕ್ಕರೆ ಹೆಸರು, ಹೆಸರು ಸಿಕ್ಕರೆ ಪಕ್ಕದವರು ಯಾರು, ಅವರ ಕಾಲ ಬಳಿ ಯಾರು ಎಂದು ಒಬ್ಬರ ಬಾಯಿಂದ ಇನ್ನೊಬ್ಬರು ಕಿತ್ತುಕೊಂಡು ಹೇಳಿದರು. ಓಬಡಾಯ ಕುರ್ಚಿ ಹಾಕಿಸಿಕೊಂಡು ಕೂತರು. ಅವರ ಕೈಗೆ ಒಂದೊಂದೇ ಕೊಟ್ಟೆವು.

"ಇದು ಹ್ಯಾಟೀದು. ಕಪ್ಪಿನ ಕಿವಿ ನೋಡಿ, ಮೊದ್ಲೇ ಹೋಗಿದೆ. ನಾನೇ ಬೀಳಿಸಿದ್ದು. ಎಂಟು ದಿನ ಮಾತು ಬಿಟ್ಟಿದ್ಲು. ನನ್ನ ಜನ್ಮದಲ್ಲಿ ಅಷ್ಟು ನೆಮ್ಮದಿಯಾಗಿದ್ದು ಅದೊಂದೇ ವಾರ."

ಓಟ್ಸ್ ಡಬ್ಬದೊಳಗೆ ಪುಕ್ಕಟೆ ಬರುತ್ತಿದ್ದ ತಟ್ಟೆಗಳಿದ್ದವಲ್ಲ, ಎಲ್ಲರ ಮನೆಯಲ್ಲೂ ಅದೇ ಹಸಿರು ಹೂವು. ಒಂದೇ ತಟ್ಟೆಗೆ ಕ್ಲಿಯೋರಾ ಬೈನಮ್ ಮತ್ತು ಅವಳ ವಾರಗಿತ್ತಿ ಓಸಿ ಇಬ್ಬರೂ ಕೈಯಿಟ್ಟರು.

"ಇದು ನಮ್ಮಮ್ಮಂದು," ಎಂದಳು ಕ್ಲಿಯೋರಾ.

"ನಿಮ್ಮಮ್ಮಂಗೆ ಓಟ್ಸ್ ಸೇರ್ತಾನೇ ಇರ್ಲಿಲ್ಲ. ಇದು ನಮ್ಮಮ್ಮಂದು."

"ನಿಮ್ಮಮ್ಮ ತಟ್ಟೇಲಿ ಯಾವತ್ತು ತಿಂದ್ಲು ಓಸಿ? ಬಾಣಲೆ ಒಲೆ ಮೇಲಿಂದ ಇಳಿಯೋಕೆ ಬಿಡ್ತಿರ್ಲಿಲ್ಲ."

ಎಲ್ಲರೂ ನಕ್ಕರು, ಓಸಿಯೂ ನಕ್ಕಳು, ಆದರೆ ಕೈ ತೆಗೆಯಲಿಲ್ಲ. ಕೊನೆಗೆ ಕ್ಯಾರೊಲಿನ್ ಮಂಡಿಯೂರಿ ಹುಡುಕುತ್ತಿದ್ದ ರಾಶಿಯಲ್ಲಿ ಅಂಥದೇ ಇನ್ನೊಂದು ತಟ್ಟೆ ಸಿಕ್ಕಿತು. ಅವಳು ಅದನ್ನು ಎರಡು ಕೈಯಲ್ಲಿ ಹಿಡಿದು ತಂದಳು. ಮಧ್ಯಾಹ್ನ ಮೆಕ್ಕೆಜೋಳದ ರೊಟ್ಟಿ, ಸೊಪ್ಪು, ಕರಿದ ಮೀನು. ಅವಳು ಬಾಗಿಲ ಬಳಿಯೇ ನಿಂತಿದ್ದಳು. ಓಸಿ ಗದರಿದಳು: "ಕಸ ಗುಡಿಸೋಕೆ ಬರತ್ತೆ, ಕೂತು ಉಣ್ಣೋಕೆ ಬರಲ್ವಾ? ಬಾ ಇಲ್ಲಿ."

ಅವಳು ಬಂದು ಕೂತು ಉಂಡಳು. ನಮ್ಮ ಹಾಲ್‌ನಲ್ಲಿ ಆ ಮನೆತನದವರು ಉಂಡಿದ್ದು ಅದೇ ಮೊದಲು.

ಮೂರು ಶನಿವಾರ ಕೆಲಸ ನಡೆಯಿತು. ಮೊನ್ನೆ ಸಂಜೆ ಸಮಾಧಿಗೊಂದರಂತೆ ಕೆಂಪು ಬಾವುಟಗಳನ್ನು ನೆಟ್ಟು ಮುಗಿಸಿದೆವು. ನಾನೇ ಕಾಗದ ಹಿಡಿದು ಮುಂದೆ ನಡೆದೆ. ಪ್ರತಿ ಬಾವುಟದ ಬಳಿ ನಾನು ಹೆಸರು ಕೂಗುವುದು, ಅವರ ಕಡೆಯವರು "ಇದ್ದೀವಿ" ಎನ್ನುವುದು. ಅರವತ್ತಮೂರು ಹೆಸರು. ಯಾರೂ ಇಲ್ಲದವರಿಗೆ ಎಲ್ಲರೂ ಕೂಡಿ ಅಂದರು. ನಮ್ಮವರಿಗೆ ಓದು ಬರಹ ಕೂಡದೆಂದು ಕಾನೂನೇ ಇದ್ದ ನೆಲದಲ್ಲಿ, ಒಂದು ಕಲ್ಲಿನ ಆಸರೆಯಿಲ್ಲದೆ, ಬರೀ ನೆನಪಿನಿಂದ ಒಂದು ಊರನ್ನು ಎಬ್ಬಿಸಿ ನಿಲ್ಲಿಸಿದೆವು. ನನ್ನ ಮೂವತ್ತಾರು ವರ್ಷದ ಪಾಠಗಳಲ್ಲಿ ಇಂಥದೊಂದನ್ನು ನಾನು ಕಲಿಸಲಿಲ್ಲ. ಆ ಸಂಜೆ ನನ್ನ ಬೆನ್ನು ಕೋಲಿನಂತೆ ನೆಟ್ಟಗಿತ್ತು.

ಮೊಮ್ಮಕ್ಕಳಿಗೆಲ್ಲ ನನ್ನ ಮುತ್ತು ಕೊಡು. ಬಿಸಿನೀರಿನ ಶಾಖ ತಪ್ಪಿಸಬೇಡ. ದೇವರು ನಿನ್ನನ್ನೂ ನಿನ್ನ ಮಂಡಿಗಳನ್ನೂ ಕಾಯಲಿ. ದೊಡ್ಡವಳು ನೀನು, ನನ್ನನ್ನೂ ಹರಸು.

ನಿನ್ನ ತಂಗಿ,
ಆರ್ಡೆಲಾ

ತಾ.ಕ.: ಹರಿದ ಎರಡು ಕಾಗದಗಳೂ ಇಲ್ಲಿಗೇ ಬಂದು ನಿಂತಿದ್ದವು. ಫೋನಿನಲ್ಲಿ ಹೇಳಲು ಹೋಗಿ ನಿನ್ನ ದನಿ ಕೇಳಿದೊಡನೆ ಇಟ್ಟುಬಿಟ್ಟೆ.

ಅರವತ್ತಮೂರರಲ್ಲಿ ಒಂದು ಬಾವುಟ ಸುಳ್ಳು. ಅದು ಅಮ್ಮನದು. ಅಮ್ಮನನ್ನು ಮಣ್ಣು ಮಾಡಿದ ದಿನ ನೀನು ಅವಳ ನೀಲಿ ಹೂಜಿಯನ್ನು ಸಲಿಕೆಗೆ ಬಡಿದು ಒಡೆದೆ. ಹತ್ತೊಂಬತ್ತು ಚೀಲದಲ್ಲಿ ಒಂದು ನೀಲಿ ಚೂರೂ ಸಿಗಲಿಲ್ಲ. ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ನೀನು ಉತ್ತರಕ್ಕೆ ಹೋದ ಮೇಲೆ, ನಾನು ಕಾಲೇಜಿನಲ್ಲಿದ್ದಾಗ, ಅಟ್ಲಾಂಟದ ಡಾಕ್ಟರೊಬ್ಬರ ಮಗಳು ರಜೆಗೆ ನನ್ನ ಜೊತೆ ಬಂದಿದ್ದಳು. ನಿಮ್ಮಮ್ಮನ ಸಮಾಧಿ ತೋರಿಸು ಎಂದಳು. ಅವಳು ಏಳುವ ಮೊದಲೇ ನಾನು ಹೋಗಿ ಚೂರುಗಳನ್ನೆಲ್ಲ ಲಂಗದಲ್ಲಿ ಕಟ್ಟಿ ಹಳ್ಳಕ್ಕೆ ಎಸೆದೆ. ಇವರಿನ್ನೂ ಇಂಥ ಮೂಢರೇ ಎಂದು ಅವಳು ಅಂದುಕೊಳ್ಳಬಾರದೆಂದು. ವರ್ಷಕ್ಕೊಮ್ಮೆ ಹೋಗುತ್ತಿದ್ದೆ; ಆಮೇಲೆ ನಾಚಿಕೆಯಿಂದ ಹೋಗುವುದನ್ನೇ ಬಿಟ್ಟೆ; ಮಣ್ಣು ಕುಸಿದು ಸಮವಾಯಿತು. ಕ್ಯಾರೊಲಿನ್ ತಿಳಿಯದೆ ಮಾಡಿದ್ದನ್ನು ನಾನು ತಿಳಿದೇ ಮಾಡಿದ್ದೆ. ಅವಳು ಮಂಡಿಯೂರಿ ತಪ್ಪು ತಿದ್ದುವುದನ್ನು ನಾನು ಮೂರು ವಾರ ನಿಂತು ನೋಡಿದೆ.

ಮೊನ್ನೆ ಓಬಡಾಯ "ನಿಮ್ಮಮ್ಮಂದು ಎಲ್ಲಿ ತಾಯಿ?" ಎಂದಾಗ ಬಾವುಟ ಹಿಡಿದಿದ್ದವರಿಗೆ ರಸ್ತೆಯ ಅಂಚಿನಲ್ಲಿ ಒಂದು ಕಡೆ ಅಂದಾಜಿನ ಮೇಲೆ ಬೆರಳು ತೋರಿಸಿದೆ. ಅಲ್ಲಿ ಬಾವುಟ ನೆಟ್ಟರು. ನಾನೇ ಹೆಸರು ಕೂಗಿ, ನಾನೇ "ಇದ್ದೀನಿ" ಎಂದೆ.

ಅದು ತಪ್ಪಾಗಿದ್ದರೆ ರಸ್ತೆ ಅವಳ ಮೇಲೆ ಹೋಗುತ್ತದೆ. ಕಾಗದ ಬರೆಯಬೇಡ, ಇದು ಕೈಸೇರಿದ ದಿನವೇ ಫೋನ್ ಮಾಡು. ಹೂಜಿ ಒಡೆದಾಗ ನೀನು ಎಲ್ಲಿ ನಿಂತಿದ್ದೆ, ಚರ್ಚಿನ ಗಂಟೆ ನಿನ್ನ ಎಡಕ್ಕಿತ್ತೋ ಬಲಕ್ಕಿತ್ತೋ, ಅಷ್ಟು ಹೇಳು. ಬೈಯುವುದಿದ್ದರೆ ಆಮೇಲೆ ಬೈಯಿ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ, ಎಲ್ಲರೂ ಇರುವಾಗ, ನಾನೇ ಹೋಗಿ ಆ ಬಾವುಟ ಕೀಳುತ್ತೇನೆ. ಯಾಕೆ ಕೀಳುತ್ತಿದ್ದೇನೆಂದೂ ಹೇಳುತ್ತೇನೆ.