ಗೃಹರಕ್ಷಕಿಯ ನಡತೆ

ಹೊಂಗನೂರು
14-6-1998

ಚಿ. ಸೌ. ವೆಂಕಟಲಕ್ಷ್ಮಿಗೆ ನಿನ್ನ ಅತ್ತೆ ಕಾವೇರಮ್ಮ ಮಾಡುವ ಆಶೀರ್ವಾದ.

ನಾವಿಲ್ಲಿ ಚೆನ್ನಾಗಿದ್ದೀವಿ. ನೀನೂ ಗುಡೇಮಾರನಹಳ್ಳಿಯಲ್ಲಿ ಅಣ್ಣ ಅತ್ತಿಗೆ ಹಾಕಿದ್ದು ಉಂಡುಕೊಂಡು ಚೆನ್ನಾಗಿದ್ದೀಯ ಅಂದುಕೊಂಡಿದ್ದೀನಿ. ಹೆಸರಿನ ಮುಂದೆ ಸೌ ಅಂತ ಹಾಕಿದ್ದೀನಿ ನೋಡು. ನನ್ನ ಮಗ ಕಟ್ಟಿದ ತಾಳಿ ಇನ್ನೂ ಕತ್ತಿನಲ್ಲಿದ್ದರೆ ಆ ಸೌ ಇರಲಿ, ಬಿಚ್ಚಿಟ್ಟಿದ್ದರೆ ನೀನೇ ಹೊಡೆದುಹಾಕಿಕೊ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಕಾಗದ ಇದು, ತಪ್ಪಿದ್ದರೆ ನಗಬೇಡ.

ಮೊನ್ನೆ ಮನೆ ಬಾಗಿಲಿಗೆ ಪೊಲೀಸು ಬಂದಿದ್ದ. ನಿನ್ನ ಗಂಡ ಸಿದ್ದರಾಜು ಮತ್ತೆ ಸಾರಾಯಿ ಅಂಗಡಿ ಮುಂದೆ ಯಾರಿಗೋ ಹೊಡೆದು ಬಂದನೇನೋ ಅಂತ ಒಳಗಿನಿಂದ ಓಡಿ ಬಂದೆ. ನೋಡಿದರೆ ನಿನ್ನ ವಿಷಯ. ಗಂಗಹನುಮಯ್ಯ ಅಂತ, ಮರ್ಯಾದಸ್ಥ, ಬೂಟು ಬಿಚ್ಚೇ ಜಗಲಿ ಹತ್ತಿದ. ನಿಮ್ಮ ಸೊಸೆ ಗೃಹರಕ್ಷಕ ದಳಕ್ಕೆ ಅರ್ಜಿ ಹಾಕವ್ಳೆ, ಗಂಡನ ಮನೇಲಿ ನಡತೆ ಹೆಂಗಿತ್ತು, ಕೇಸು ಗೀಸು ಏನಾರ ಐತಾ ಅಂತ ವಿಚಾರಿಸ್ಕೊಂಡು ಹೋಗ್ಬೇಕು ಅಂದ. ಹಂಗಂದರೆ ಏನು ಕೆಲಸ ಸ್ವಾಮಿ ಅಂತ ಕೇಳಿದೆ. ಎಲೆಕ್ಷನ್ನು, ಪರೀಕ್ಷೆ, ರೋಡಿನ ಟ್ರಾಫಿಕ್ಕು, ಎಲ್ಲಾ ಕಡೆ ಖಾಕಿ ಹಾಕಿಕೊಂಡು ನಮ್ಮ ಜೊತೆ ನಿಂತು ಜನಸೇವೆ ಮಾಡೋದು, ಸಂಬಳ ಅಂತ ಇಲ್ಲ, ಡ್ಯೂಟಿ ಮಾಡಿದ ದಿನಕ್ಕೆ ಒಸಿ ಭತ್ಯೆ ಕೊಡ್ತಾರೆ ಅಂದ. ನನಗೆ ನಗು ತಡೆಯಲಾಗಲಿಲ್ಲ ಕಣವ್ವ. ಇದ್ದ ಗೃಹ ಬಿಟ್ಟು ಓಡಿದವಳು ಊರವರ ಗೃಹ ರಕ್ಷಣೆ ಮಾಡ್ತಾಳಂತೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನೋದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಕಾಫಿ ಕೊಟ್ಟೆ. ಕುಡಿಯುತ್ತಾ ಅವನೇ ಹೇಳಿದ, ಸ್ಟೇಷನ್ನಲ್ಲಿ ಅವಳ ಮೇಲೆ ಏನೂ ಇಲ್ಲ, ಮನೆಯವರು ಒಂದು ಒಳ್ಳೇ ಮಾತು ಅಂದ್ಬುಟ್ರೆ ನಡತೆ ಉತ್ತಮ ಅಂತ ಬರ್ಕೊಂಡು ಹೊಂಟೋಯ್ತೀನಿ ಅಂತ. ಪಾಪ, ಅಣ್ಣ ಅತ್ತಿಗೆ ಮನೆ ಖಾಲಿ ಮಾಡು ಅಂತಾವ್ರಂತೆ, ಇದೊಂದು ಸಿಕ್ಕಿದ್ರೆ ರಾಮನಗರದಲ್ಲಿ ಒಂದು ರೂಮು ಮಾಡ್ಕೊಂಡು ಅವಳ ಪಾಡಿಗೆ ಅವಳು ಇರ್ತಾಳೆ ಅಂತಲೂ ಅಂದ. ಅವಳ ಪಾಡಿಗೆ ಅವಳು ಅಂದನಲ್ಲ, ಅದು ನನ್ನ ಹೊಟ್ಟೆಗೆ ಬೆಂಕಿ ಇಟ್ಟಂಗಾಯಿತು. ಆ ಮಾತು ಬರದೇ ಇದ್ದಿದ್ದರೆ ಒಳ್ಳೇದೇ ಹೇಳಿ ಕಳಿಸುತ್ತಿದ್ದೆನೋ ಏನೋ. ಗಂಡನ ಮನೇಲಿ ಮೂವತ್ತು ವರ್ಷ ನಾನೇನು ನನ್ನ ಪಾಡಿಗೆ ಇದ್ದೆನಾ? ನನ್ನ ಅತ್ತೆ ನನ್ನನ್ನು ಬಿಟ್ಟಳಾ?

ನಿನ್ನನ್ನು ಕಳ್ಳಿ ಅಂತ ನಾನು ಅನ್ನಲಿಲ್ಲ, ದೇವರಾಣೆ. ಸ್ವಾಮಿ, ಅವಳು ಹೋದ ದಿನವೇ ಮನೇಲಿದ್ದ ರೇಷ್ಮೆ ಗೂಡೂ ಹೋಯಿತು, ಎರಡೂ ಜೊತೆಯಾಗಿ ಹೋದವೋ ಬೇರೆಬೇರೆ ಹೋದವೋ, ಪೊಲೀಸಿನವರು ನೀವು, ನೀವೇ ಹೇಳಿ ಅಂದೆ, ಅಷ್ಟೇ. ಆ ಬೆಳೆಯ ಹುಳ ಸಾಕಿದವಳು ನೀನೊಬ್ಬಳೇ, ಸೊಪ್ಪು ಕೊಯ್ದು ಹಾಕಿದವಳೂ ನೀನೇ, ನಾನು ಇಲ್ಲ ಅನ್ನಲ್ಲ. ಆದರೆ ಹಿಪ್ಪುನೇರಳೆ ತೋಟ ಯಾರದು? ಹುಳ ಬೆಳೆದ ಸೂರು ಯಾರದು? ರಾಮನಗರದ ಮಾರ್ಕೆಟ್ಟಿನಲ್ಲಿ ಗೂಡು ಹಾಕಿ, ದುಡ್ಡು ಎಣಿಸಿಕೊಂಡು ಅಲ್ಲಿಂದಲೇ ತೌರಿಗೆ ಅಂತ ಮಾಗಡಿ ಬಸ್ಸು ಹತ್ತಿದೆಯಲ್ಲ, ಅದಕ್ಕೆ ನಮ್ಮೂರ ಕಡೆ ಬೇರೆ ಹೆಸರಿದ್ದರೆ ನೀನೇ ಬರೆದು ತಿಳಿಸು.

ಅವನು ಪೆನ್ನು ಕೆಳಗಿಟ್ಟ. ಯೋಚ್ನೆ ಮಾಡಿ ಹೇಳವ್ವ, ಹೆಣ್ಣುಮಗಳ ಅನ್ನದ ವಿಷಯ ಅಂದ. ಅವಳ ಅನ್ನ ನನ್ನ ಮನೆ ಪಾತ್ರೇಲಿ ಐತೆ, ನೀವು ಬರ್ಕೊಳಿ ಅಂದೆ. ಬರೆದ. ನಾನು ಓದಿ ನೋಡಿಯೇ ಸೈನು ಹಾಕಿದೆ.

ಎದುರು ಮನೆ ದೊಡ್ಡಲಕ್ಷ್ಮಮ್ಮನಿಗೆ ತಡೆಯುತ್ತಾ? ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೇ ಬಂದಳು. ಚಿನ್ನದಂಥ ಹುಡುಗಿ ಸ್ವಾಮಿ, ದನಕ್ಕೆ ಬಡಿದಂಗೆ ಬಡಿದು ಕೈ ಮುರಿದವ್ರೆ, ಅದನ್ನೂ ಬರ್ಕೊಳಿ ಅಂತ ಶುರು ಮಾಡಿದಳು. ಅವಳಿಗೂ ನಮಗೂ ಹೊಲದ ಬದುವಿನ ಜಗಳ ಅಂತ ನಾನು ಹೇಳಿದ ಮೇಲೆ ಪೊಲೀಸು ಅದನ್ನು ಬರೆಯಲಿಲ್ಲ. ಅಲ್ಲ ಕಣೆ ವೆಂಕಟಲಕ್ಷ್ಮಿ, ಗಂಡ ಅಂದಮೇಲೆ ಒಂದು ಏಟು ಬೀಳುತ್ತೆ. ಕೈ ಮುರಿದದ್ದು ಜಗಲಿಯಿಂದ ಬಿದ್ದು ಅಂತ ಆಸ್ಪತ್ರೆಯಲ್ಲಿ ಡಾಕ್ಟರಿಗೆ ನಿನ್ನ ಬಾಯಲ್ಲೇ ಹೇಳಿದವಳು ನೀನು. ನಾನು ಪಕ್ಕದಲ್ಲೇ ನಿಂತಿದ್ದೆ. ಈಗ ಬೇರೆ ಕಥೆ ಕಟ್ಟಿದರೆ ಸುಳ್ಳಿಯಾಗುವವಳು ನೀನೇ.

ನಿನ್ನ ಮೇಲೆ ನನಗೆ ದ್ವೇಷ ಇಲ್ಲ. ನಿಜ ಹೇಳಬೇಕೆಂದರೆ ನೀನಿಲ್ಲದೆ ಕೈಕಾಲು ಆಡುತ್ತಿಲ್ಲ. ಈ ವರ್ಷದ ಎರಡು ಬೆಳೆಯೂ ರೋಗ ಬಂದು ಹುಳವೆಲ್ಲ ತಿಪ್ಪೆ ಸೇರಿತು. ನಿನ್ನ ಕೈಗುಣ ಯಾರಿಗೂ ಇಲ್ಲ ಅಂತ ನಾನೇ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೀನಿ. ನನ್ನ ಸೊಂಟವೂ ಹೋಗಿದೆ, ಬಗ್ಗಿದರೆ ಏಳಕ್ಕಾಗಲ್ಲ.

ರಿಪೋರ್ಟು ಇನ್ನೂ ಮೇಲಕ್ಕೆ ಹೋಗಿಲ್ಲ. ಮನಸ್ಸು ಬದಲಾಯಿಸಿದರೆ ಒಂದು ವಾರದೊಳಗೆ ಬಾ ಅವ್ವ ಅಂತ ಗಂಗಹನುಮಯ್ಯನೇ ಹೇಳಿ ಹೋಗವ್ನೆ. ಅಷ್ಟರೊಳಗೆ ನೀನು ಬಟ್ಟೆಬರೆ ತೆಗೆದುಕೊಂಡು ಬಂದರೆ, ಗೂಡು ನಾವೇ ಕೊಟ್ಟು ಕಳಿಸಿದ್ದು, ಮುದುಕಿ ಮರೆತಿದ್ದೆ ಸ್ವಾಮಿ ಅಂತ ಸ್ಟೇಷನ್ನಿಗೆ ಹೋಗಿ ಹೇಳಿ ಬರುತ್ತೀನಿ. ಹೋಂಗಾರ್ಡಿನ ಆಸೆಯನ್ನೂ ಅಲ್ಲೇ ಬಿಟ್ಟು ಬರಬೇಕು. ಬರದೇ ಇದ್ದರೆ ನಿನ್ನಿಷ್ಟ. ಅಂಗನವಾಡಿ ಅಂತೀಯೋ, ಆಸ್ಪತ್ರೆ ಆಯಾ ಅಂತೀಯೋ, ಎಲ್ಲಿಗೆ ಅರ್ಜಿ ಹಾಕಿದರೂ ವಿಚಾರಣೆಗೆ ಹೊಂಗನೂರಿಗೇ ಬರಬೇಕು, ಹೊಂಗನೂರಿಗೆ ಬಂದವರು ನನ್ನನ್ನೇ ಕೇಳಬೇಕು. ನನಗೆ ಅಷ್ಟು ಬೇಗ ಸಾವು ಬರಲ್ಲ.

ಚನ್ನಪಟ್ಟಣಕ್ಕೆ ಬಂದರೆ ನಮ್ಮೂರಿಗೆ ಬಸ್ಸು ಸಿಗುತ್ತೆ. ಹಗಲು ಹೊತ್ತೇ ಬಾ, ಊರವರು ನೋಡಲಿ.

ನಿನ್ನ ಒಳ್ಳೇದನ್ನೇ ಬಯಸುವ ಅತ್ತೆ,
ಕಾವೇರಮ್ಮ

ವಿ. ಸೂ.: ಸಿದ್ದರಾಜು ವಿಷಯ ಬರೆಯೋದೇ ಮರೆತೆ. ಬಿಡದಿ ಕಡೆಯಿಂದ ಒಬ್ಬಳನ್ನು ಕರೆದುಕೊಂಡು ಬಂದವ್ನೆ. ಈಗ ತುಂಬಿದ ಬಸುರಿ. ಹುಳದ ವಾಸನೆಗೇ ವಾಂತಿ ಮಾಡಿಕೊಳ್ಳುತ್ತಾಳೆ, ಒಂದು ಕಡ್ಡಿ ಎತ್ತಿಡಲ್ಲ. ಹೆರಿಗೆಯಾದರೆ ಬಾಣಂತನಕ್ಕೆ ನೀನು ಬರ್ತೀಯ ಅಂತ ಧೈರ್ಯ ಹೇಳಿದ್ದೀನಿ, ಮುಖ ನೋಡದೇನೇ ನಿನ್ನನ್ನು ಅಕ್ಕ ಅಂತಾಳೆ. ಹಳೇ ಬಟ್ಟೆ ಹುಡುಕುವಾಗ ಪೆಟ್ಟಿಗೆ ತಳದಲ್ಲಿ ಒಂದು ಕುಲಾವಿ ಸಿಕ್ಕಿತು, ಕೈ ಮುರಿದ ದಿನ ಹೋಯಿತಲ್ಲ ನಿನ್ನ ಬಸುರು, ಆ ಕೂಸಿಗೆ ಅಂತ ನೀನು ಹೊಲಿದಿದ್ದು. ಯಾರೂ ಹಾಕಿಲ್ಲ, ಹೊಸದಾಗೇ ಐತೆ. ಅವಳಿಗೆ ಕೊಟ್ಟೆ.