ರಸ್ತೆಗೆ ಅಡ್ಡ ರಂಗೋಲಿ

ಡಿಸೆಂಬರ್ 19, ಗುರುವಾರ

ಧನುರ್ಮಾಸದ ಚಳಿ. ರಂಗೋಲಿ ಹಾಕಿ, ಕಾಫಿ ಲೋಟ ಹಿಡಿದು ಗೇಟಿಗೆ ಒರಗಿದೆ. ಎದುರು ಮನೆ ಗೇಟಿನಲ್ಲಿ ಶಂಕರಮ್ಮ. ಕೈ ಬೀಸಿದಳು. ನಾನೂ ಬೀಸಿದೆ. ಇಬ್ಬರೂ ಫೋನ್ ತೆಗೆದೆವು... ನಗಬೇಕೋ ಅಳಬೇಕೋ! ನಡುವೆ ಇರುವುದು ವಿನೋಬನಗರದ ಒಂದು ರಸ್ತೆ, ತುಂಗಾ ನದಿಯಲ್ಲ.

ಅಗಲ ಮಾಡಿ ಡಾಂಬರು ಹಾಕಿದ್ದೇ ಹಾಕಿದ್ದು, ಗಾಡಿಗಳು ಗುಂಡಿನ ಹಾಗೆ ಹೋಗುತ್ತವೆ. ಹೋದ ವರ್ಷ ಒಂದು ಬೈಕು ಶಂಕರಮ್ಮನ ಸೆರಗು ಸವರಿಕೊಂಡು ಹೋಯಿತು. ನಡುರಸ್ತೆಯಲ್ಲಿ ಬಿದ್ದಳು. ಅಂದಿನಿಂದ ದಾಟಿಲ್ಲ. ಅವಳ ಮಗ ಸಂಜಯ್ ಸ್ಕೂಟರಲ್ಲಿ ಬಿಡುತ್ತೇನೆ ಎಂದರೆ ಅದೂ ಬೇಡ. "ಎದುರು ಮನೆಗೆ ಸ್ಕೂಟರಲ್ಲಿ ಹೋಗೋದಾ? ನಾಚ್ಕೆ ಆಗಲ್ವಾ?"

"ಸಂಕ್ರಾಂತಿಗಾದ್ರೂ ಬಾರೇ ಮಾರಾಯ್ತಿ, ಎಳ್ಳು ತಗೊಂಡು" ಎಂದೆ.

"ನೋಡೋಣ ಬಿಡು."

ಅವಳ 'ನೋಡೋಣ' ಎಂದರೆ ಇಲ್ಲ ಎಂದೇ ಅರ್ಥ.

ಡಿಸೆಂಬರ್ 20

ತಿಂಡಿ ಸೇರಲಿಲ್ಲ. ಅಷ್ಟು ಖುಷಿ!

ಇವತ್ತು ರಂಗೋಲಿ ದೊಡ್ಡದಾಗಿ ರಸ್ತೆಯವರೆಗೂ ಹೋಗಿತ್ತು. ಒಬ್ಬ ಹುಡುಗ, ಕಿವಿಯಲ್ಲಿ ಫೋನು, ಬೈಕಲ್ಲಿ ಹಾರಿ ಬಂದ. ರಂಗೋಲಿ ಕಂಡದ್ದೇ ತಡ — ಸ್ಲೋ ಮಾಡಿದ, ಕಾಲೂರಿದ, ಸುತ್ತು ಹಾಕಿಕೊಂಡು ಹೋದ. ಆಮೇಲೆ ಹಾಲಿನವನು, ಹಾಗೇ. ಒಂದು ಆಟೋ, ಹಾಗೇ. ಝೀಬ್ರಾ ಪಟ್ಟಿಗೆ ಕವಡೆ ಕಿಮ್ಮತ್ತು ಕೊಡದ ಜನ ರಂಗೋಲಿಗೆ ಕೊಡುತ್ತಾರೆ! ಹಾಗಾದರೆ ರಸ್ತೆಗೆ ಅಡ್ಡವಾಗಿ, ಈ ಗೇಟಿನಿಂದ ಆ ಗೇಟಿಗೆ ಹಾಕಿಬಿಟ್ಟರೆ?

ಭದ್ರಾವತಿಯ ಕ್ವಾರ್ಟರ್ಸ್ ನೆನಪಾಯಿತು. ಫ್ಯಾಕ್ಟರಿ ಸೈರನ್ ಆದರೆ ರಸ್ತೆ ತುಂಬ ಸೈಕಲ್. ನಾವು ನಡುಮಧ್ಯೆ ಕುಂಟೆಬಿಲ್ಲೆ ಆಡುತ್ತಿದ್ದೆವು. ಅಪ್ಪ ಬೆಲ್ ಹೊಡೆದು ನಮ್ಮ ಪಕ್ಕದಲ್ಲಿ ಹೋಗುತ್ತಿದ್ದರು, ಬೈಯುತ್ತಿರಲಿಲ್ಲ. ರಸ್ತೆ ನಮ್ಮದೂ ಆಗಿತ್ತು.

ಡಿಸೆಂಬರ್ 22, ಭಾನುವಾರ

ಸೊಸೆ ಚೈತನ್ಯಾ ಮೊದಲು ಗಾಬರಿಯಾದಳು. "ಅತ್ತೆ, ಯಾರಾದ್ರೂ ಬಂದು ಗುದ್ದಿದ್ರೆ?" ಆಮೇಲೆ ಅವಳೇ ಆಟೋ ಜಯಪ್ಪನಿಗೆ ಫೋನ್ ಮಾಡಿದಳು. ಅವನು ಬೆಳಕು ಹರಿಯುವ ಹೊತ್ತಿಗೆ ಬಂದು ಆಟೋ ಅಡ್ಡ ನಿಲ್ಲಿಸಿ ಇಂಡಿಕೇಟರ್ ಹಾಕಿದ. ನಾನು ಮಣೆ ಎಳೆದುಕೊಂಡು, ಅವಳು ಬಗ್ಗಿಕೊಂಡು — ರಸ್ತೆಯ ಅಂಚಿನಿಂದ ಅಂಚಿಗೆ ಬಳ್ಳಿ, ಕಮಲ, ನವಿಲು. ಶಂಕರಮ್ಮ ತನ್ನ ಗೇಟಿನಿಂದಲೇ ಫೋನಲ್ಲಿ: "ನವಿಲಿನ ಕತ್ತು ಸೊಟ್ಟ ಆಯ್ತು ನೋಡು."

ಜಯಪ್ಪ ಆಟೋ ತೆಗೆದ. ಸಿಟಿ ಬಸ್ಸು ಬಂತು, ಹಾರ್ನ್ ಹೊಡೆಯಿತು... ನಿಂತಿತು! ಡ್ರೈವರ್ ತಲೆ ಹೊರಗೆ ಹಾಕಿದ. "ಏನಮ್ಮಾ, ರೋಡಲ್ಲೂ ರಂಗೋಲಿನಾ?"

"ನೀನು ನಿಲ್ಲಿಸ್ಲಿ ಅಂತಾನೇ ಕಣಪ್ಪ! ಶಂಕರಮ್ಮಾ, ಬಾರೇ!"

ಬಂದಳು. ಅಂಚಿನವರೆಗೆ ಬಂದಳು. ಚಪ್ಪಲಿ ಕಳಚಿದಳು. ನಿಂತಳು.

"ರಂಗೋಲಿ ತುಳೀತಾರೇನೇ, ಭಾಮಾ?"

ತಿರುಗಿ ಹೋದಳು. ಇಡೀ ಬಸ್ಸು ನಕ್ಕಿತು.

ಡಿಸೆಂಬರ್ 23

ನನ್ನ ಬುದ್ಧಿಗಿಷ್ಟು! ಒಂದು ಪಾದ ಇಡುವಷ್ಟು ಜಾಗವೂ ಬಿಡದೆ ತುಂಬಿಸಿದ್ದೆ. ಆದರೂ ಕೋಪ ಅವಳ ಮೇಲೆಯೇ. ಫೋನ್ ಮಾಡಲಿಲ್ಲ. ಅವಳೂ ಮಾಡಲಿಲ್ಲ.

ಜನವರಿ 5, ಭಾನುವಾರ

ಮಂಡಿ ಹಿಡಿದುಕೊಂಡು ಮಲಗಿದ್ದೆ. ಬರೆಯುವ ಮನಸ್ಸೂ ಇರಲಿಲ್ಲ. ಇವತ್ತು ಫೋನು. ಹಲೋ ಇಲ್ಲ, ಹೇಗಿದ್ದೀಯ ಇಲ್ಲ.

"ತುಳಸಿಕಟ್ಟೆ ಸುತ್ತ ಹಾಕ್ತೀವಲ್ಲ ಭಾಮಾ, ಪ್ರದಕ್ಷಿಣೆಗೆ ಜಾಗ ಬಿಟ್ಟೇ ಹಾಕ್ತೀವಿ ತಾನೆ?"

ಅಯ್ಯೋ ದೇವರೇ! ಆ ಕಡೆ ಒಂದು ಸಾಲು, ಈ ಕಡೆ ಒಂದು ಸಾಲು, ನಡುವೆ ಖಾಲಿ ದಾರಿ. ಇಷ್ಟು ದಿನ ಅವಳು ಇದನ್ನೇ ಯೋಚಿಸುತ್ತಿದ್ದಳು! ಬರಬೇಕೆಂಬ ಆಸೆ ಅವಳಿಗೂ ಇದೆ. ಸಿಟ್ಟೆಲ್ಲ ಇಳಿದು ಕಣ್ಣು ತುಂಬಿತು.

ಜನವರಿ 12, ಭಾನುವಾರ

ಎರಡು ಸಾಲು ಹಾಕಿದೆವು. ಗಾಡಿ ನಿಂತವು. ಟ್ಯೂಷನ್ ಮಕ್ಕಳು ದಾಟಿದರು, ಒಬ್ಬ ತಾತ ದಾಟಿದರು, ಒಂದು ನಾಯಿಯೂ ಗತ್ತಿನಿಂದ ದಾಟಿತು! ಚೈತನ್ಯಾ ಫೋಟೋವನ್ನು ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಸಂಜೆ ಯಾರೋ ಪಾಲಿಕೆಯ ಎಂಜಿನಿಯರ್ ಬಂದು ನೋಡಿ, "ಹಬ್ಬ ಆಗ್ಲಿ, ಇಲ್ಲೇ ಪೇಂಟ್ ಹೊಡೆಸೋಣ ಅಮ್ಮ" ಎಂದರು. ಹೊಡೆಸಲಿ. ಅಲ್ಲಿಯವರೆಗೆ ನನ್ನ ಡಬ್ಬಿಯಲ್ಲಿ ಪುಡಿ ಇದೆ.

ಶಂಕರಮ್ಮ ಗೇಟಿನಲ್ಲೇ ನಿಂತು ನೋಡಿದಳು. "ಹಬ್ಬಕ್ಕೆ" ಎಂದಳು. 'ನೋಡೋಣ' ಎನ್ನಲಿಲ್ಲ.

ಜನವರಿ 14, ಸಂಕ್ರಾಂತಿ. ಬೆಳಿಗ್ಗೆ ಒಂಬತ್ತು

ಬೆಳಗಿನ ಜಾವವೇ ಹಾಕಿ ಮುಗಿಸಿದೆವು. ಎರಡೂ ಸಾಲಿನಲ್ಲಿ ಕಬ್ಬಿನ ಜಲ್ಲೆ, ನಡುವೆ ದಾರಿ. ಮಂಡಿ ಮತ್ತೆ ಕೈಕೊಟ್ಟಿದೆ. ಬಿಸಿನೀರಿನ ಚೀಲ ಇಟ್ಟುಕೊಂಡು ಒಳಗೆ ಕೂತಿದ್ದೇನೆ. ಗೇಟಿನವರೆಗೂ ಹೋಗಲಾಗುತ್ತಿಲ್ಲ.

ಫೋನ್ ಮಾಡಿದೆ. ಎತ್ತಲಿಲ್ಲ. ಇನ್ನೊಮ್ಮೆ. ಇಲ್ಲ. ಮತ್ತೆ ಹೆದರಿದಳಾ? ಹಟಮಾರಿ... ನಾನೇನು ಕಮ್ಮಿಯೇ, ಮೂರನೇ ಸಲ ಮಾಡಿದೆ. ರಿಂಗಾಗುತ್ತಲೇ ಇದೆ.

ಹೊರಗೆ ಬಸ್ಸಿನ ಬ್ರೇಕ್ ಸದ್ದು. ಹಾರ್ನ್ ಇಲ್ಲ. ಬೈಕುಗಳ ಸದ್ದೂ ನಿಂತಿದೆ. ಯಾಕೆ ಇಷ್ಟು ಹೊತ್ತು...

ಗೇಟಿನ ಚಿಲಕ.

"ಭಾಮಾ! ಬಾಗ್ಲು ತೆಗಿಯೇ, ಎಳ್ಳಿನ ತಟ್ಟೆ ಭಾರ!"

ಫೋನಿನಲ್ಲಲ್ಲ. ಅದು ಇನ್ನೂ ರಿಂಗಾಗುತ್ತಿದೆ. ಧ್ವನಿ ಇಲ್ಲೇ, ಬಾಗಿಲ ಹೊರಗೆ, ನಮ್ಮ—