ಎಡಗಡೆಯ ಕನ್ನಡಿ

6 ಜನವರಿ, ಮಂಗಳವಾರ. ಬೆಳಿಗ್ಗೆ 7.10

ಚಾಲಕ: ದ್ಯಾವಯ್ಯ. ಕಿ.ಮೀ. 1,84,306.

ರಿಟೈರಾಗಿ ಮೂರು ವರ್ಷವಾದರೂ ಲಾಗ್ ಶೀಟ್ ತುಂಬುವ ಚಟ ಹೋಗಿಲ್ಲ. ಮೊದಲು ಹೆಸರು, ಆಮೇಲೆ ಸುದ್ದಿ.

ರೇಡಿಯೇಟರ್ ಹೋಸ್ ಬದಲಾಯಿಸಿದೆ. ಹಿಂದಿನ ಸ್ಪ್ರಿಂಗ್ ಕಮಾನಿನಲ್ಲಿ ಒಂದು ಪಟ್ಟಿ ಕಟ್ಟಾಗಿದೆ, ನಾಳೆ ಬಿಚ್ಚಬೇಕು. ಯಾವುದೋ ಸ್ಕೂಲಿನವರು ಮಾರಿದ ಹಳೇ ಬಸ್ಸು. ಕೊಬ್ಬರಿ ಮಂಡಿ ಚನ್ನೇಶನ ಗೋಡೌನೇ ನಮ್ಮ ಗ್ಯಾರೇಜು. ಸೀಟೆಲ್ಲ ಕಿತ್ತಿದ್ದೇವೆ. ನಾವು, ಚನ್ನೇಶ, ಏಕಾಂತಯ್ಯನವರು, ಮೂರು ಜೋಡಿಗೆ ತೆಂಗಿನ ನಾರಿನ ಆರು ಹಾಸಿಗೆ.

ಶಿವರಾತ್ರಿಗೆ ಕಾಶಿಯಲ್ಲಿರಬೇಕು ಅಂತ ಏಕಾಂತಯ್ಯನವರ ಹಟ. ನನಗೆ ಸಾರನಾಥ ನೋಡಬೇಕು. ಎರಡರ ನಡುವೆ ಹತ್ತೇ ಕಿಲೋಮೀಟರಂತೆ. "ಜಗಳ ಆಡಕ್ಕೂ ರೋಡ್ ಸಾಲಲ್ಲ ಕಣಪ್ಪ ದ್ಯಾವಣ್ಣ" ಅಂದರು ಅಯ್ನೋರು. ಹತ್ತೊಂಬತ್ತು ವರ್ಷ ಬೇಲೂರು ರೂಟಿನಲ್ಲಿ ನನ್ನ ಕಂಡಕ್ಟರ್.

9 ಜನವರಿ. ಸಂಜೆ

ಚಾಲಕ: ದ್ಯಾವಯ್ಯ.

ಹಾಸನಕ್ಕೆ ಹೋಗಿದ್ದೆ, ಕಣ್ಣಿನ ಡಾಕ್ಟರ ಹತ್ತಿರ. ಕನ್ನಡಕದ ನಂಬರ್ ಬದಲಾಗಿರಬೇಕು ಅಂದುಕೊಂಡಿದ್ದೆ. ಎಡಗಣ್ಣಿನ ನರ ಒಣಗಿದೆಯಂತೆ. ಹೋದ ದೃಷ್ಟಿ ಬರುವುದಿಲ್ಲ. ಡ್ರಾಪ್ಸ್ ಹಾಕಿದರೆ ಇರುವುದು ಉಳಿಯಬಹುದು. "ದೊಡ್ಡ ಗಾಡಿ ಇನ್ನು ಮುಟ್ಟಬೇಡಿ." ಸರಿ ಮೇಡಂ ಅಂದೆ.

ಲಕ್ಕಮ್ಮನಿಗೆ, ಸ್ವಲ್ಪ ಪೊರೆ ಅಷ್ಟೇ ಕಣೇ ಅಂದೆ. ಮದುವೆಯಾದ ಮೇಲೆ ಅವಳಿಗೆ ಹೇಳಿದ ಎಷ್ಟನೇ ಸುಳ್ಳೋ, ಇಷ್ಟು ದೊಡ್ಡದು ಇದೇ ಮೊದಲು.

ಮೂವತ್ತೊಂದು ವರ್ಷದಲ್ಲಿ ಒಂದು ನಾಯಿಯ ಮೇಲೂ ಹತ್ತಿಸಿದವನಲ್ಲ. ಇವರೆಲ್ಲ ಬಸ್ಸು ಕೊಂಡಿದ್ದೇ ನಾನಿದ್ದೇನೆ ಅಂತ. ಹೇಗೆ ಹೇಳಲಿ… ಎಡಗಡೆಗೆ ಅಯ್ನೋರಿದ್ದಾರಲ್ಲ.

12 ಜನವರಿ

ಚಾಲಕ: ದ್ಯಾವಯ್ಯ.

ಮಾರ್ಕೆಟ್ ಯಾರ್ಡಿನಲ್ಲಿ ಓಡಿಸಿ ನೋಡಿದೆವು. ಅಯ್ನೋರು ಹಳೇ ಥರವೇ ಎಡಬಾಗಿಲ ಮೆಟ್ಟಿಲ ಮೇಲೆ. "ಬರ್ಲಿ, ಬರ್ಲಿ… ಓಲ್ಡಾನ್!" ಜಾಗ ಇದ್ದರೆ ಬರ್ಲಿ, ಇಲ್ಲದಿದ್ದರೆ ಓಲ್ಡಾನ್. ಸರ್ವೀಸಿನಲ್ಲೂ ಎಡಗನ್ನಡಿಗಿಂತ ಆ ಗಂಟಲನ್ನೇ ನಂಬುತ್ತಿದ್ದೆ. ಎಲ್ಲೂ ತಾಗಲಿಲ್ಲ. ಚನ್ನೇಶ್ ಚಪ್ಪಾಳೆ ತಟ್ಟಿದ. ನನಗೂ ಖುಷಿ. ಸಿಕ್ಕಿಬೀಳದ ಕಳ್ಳನ ಖುಷಿ.

18 ಜನವರಿ, ಭಾನುವಾರ. ರಾತ್ರಿ 8

ಚಾಲಕ: ದ್ಯಾವಯ್ಯ. ಕಿ.ಮೀ. ಬರೆಯಲಿಲ್ಲ.

ಟ್ರಯಲ್. ಬಾಣಾವರ, ಹಳೇಬೀಡು, ಬೇಲೂರು ಸುತ್ತಿ ಬರೋಣ ಅಂತ ಹೊರಟೆವು. ಹಳೇಬೀಡಿನವರೆಗೆ ಬೆಣ್ಣೆ. ದೇವಸ್ಥಾನದ ಹತ್ತಿರ ಇಳಿದು ಕಾಫಿ ಕುಡಿದು ಹತ್ತಿದೆವು. ಅಯ್ನೋರು "ರೈಟ್" ಅಂದರು. ಅಂದವರು ಒಳಗೆ ತಿರುಗಿ ತಲೆ ಎಣಿಸಲು ಹೋದರು. ಜನ ಕಂಡರೆ ಎಣಿಸಲೇಬೇಕು, ಕಂಡಕ್ಟರ್ ಬುದ್ಧಿ.

ಎಡಗಡೆಯಿಂದ ದನಿಯಿಲ್ಲ. ದನಿಯಿಲ್ಲ ಅಂದರೆ ಅಡ್ಡಿಯಿಲ್ಲ ಅಂದುಕೊಂಡೆ.

ಕನ್ನಡಿ ಎಳನೀರಿನವಳ ಛತ್ರಿಗೆ ಬಡಿದು ಛತ್ರಿ ಸೀಳಿತು. ಅವಳು ಮಚ್ಚು ಎತ್ತಿಕೊಳ್ಳಲು ಬಗ್ಗಿದ್ದಳು. ನಿಂತಿದ್ದರೆ…

ಅಯ್ನೋರು ಓಡಿಹೋಗಿ ಕೈಮುಗಿದರು. "ನಂದೇ ತಪ್ಪು ಕಣವ್ವ. ಓಲ್ಡಾನ್ ಅನ್ನೋದು ಬಿಟ್ಟು ತಲೆ ಎಣಿಸ್ತಿದ್ದೆ."

ನಾನು ಸೀಟಿನಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ. ಬೇಲೂರಿಗೆ ಹೋಗದೆ ವಾಪಸ್ ಬಂದೆವು.

22 ಜನವರಿ

ಚಾಲಕ: ದ್ಯಾವಯ್ಯ. ಹೊಸ ಕನ್ನಡಿ ಹಾಕಿದೆ. ಅಯ್ನೋರು ನಾಲ್ಕು ದಿನದಿಂದ ಗೋಡೌನಿಗೆ ಬಂದಿಲ್ಲ.

25 ಜನವರಿ. ಮಧ್ಯಾಹ್ನ

ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು. ಸರಿಯಾಗಿ ಊಟ ಮಾಡ್ತಿಲ್ಲ ಅಂದರು ಅವರ ಹೆಂಡತಿ ಬಸಮ್ಮನವರು.

"ನಾ ಬರಲ್ಲ ದ್ಯಾವಣ್ಣ. ಹತ್ತೊಂಬತ್ತು ವರ್ಷ ಒಂದ್ಸಲನೂ ಮರ್ತಿರ್ಲಿಲ್ಲ. ನಾಳೆ ಯಾವ್ದೋ ಘಾಟಲ್ಲಿ ಮರ್ತ್ರೆ? ನೀವ್ ಹೋಗ್ಬನ್ನಿ. ಒಂದ್ ತಂಬಿಗೆ ಗಂಗೆ ತನ್ನಿ, ಸಾಕು."

ಕಾಶಿ, ಕಾಶಿ ಅಂತ ಎರಡು ವರ್ಷದಿಂದ ಜಪ ಮಾಡಿದ ಮನುಷ್ಯ. ಅವರ ಕಾಶಿಯನ್ನು ನಾನು ಕದ್ದು ಕೂತಿದ್ದೇನೆ. ನಾಚಿಕೆಯಾಯಿತು. ಹೇಳಿಬಿಟ್ಟೆ.

"ನಿಮ್ ತಪ್ಪಲ್ಲ ಅಯ್ನೋರೆ. ನಂಗೆ ಎಡಗಣ್ಣು ಕಾಣಕಿಲ್ಲ. ಡಾಕ್ಟ್ರು ಒಂಬತ್ತನೇ ತಾರೀಖೇ ಹೇಳವ್ರೆ."

ನನ್ನ ಕಡೆ ತಿರುಗಿ ಕೂತರು.

"ಆ ಹೆಂಗಸು ನಿಂತಿದ್ರೆ ಏನ್ಲಾ ಮಾಡ್ತಿದ್ದೆ?"

ಇಷ್ಟು ವರ್ಷದಲ್ಲಿ ಒಮ್ಮೆಯೂ ನನ್ನನ್ನು ಏನ್ಲಾ ಅಂದವರಲ್ಲ. ಎದ್ದು ಒಳಗೆ ಹೋದರು. ಬಸಮ್ಮನವರು ಕಾಫಿ ತಂದಿಟ್ಟರು. ಕುಡಿಯಲಾಗಲಿಲ್ಲ.

ಮನೆಗೆ ಬಂದು ಲಕ್ಕಮ್ಮನಿಗೂ ಹೇಳಿದೆ. "ಗೊತ್ತಿತ್ತು. ಎಡಗಡೆ ಇಟ್ಟ ಲೋಟನ ದಿನಾ ಉರುಳಿಸ್ತೀಯಲ್ಲ" ಅಂದಳು.

29 ಜನವರಿ

ಚನ್ನೇಶ್ ಒಂದು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ತನ್ನ ಲಾರಿ ಡ್ರೈವರ್ ಕುಮಾರನನ್ನು ಗೊತ್ತುಮಾಡಿದ. ಕಾನ್ಪುರದ ತನಕ ಕೊಬ್ಬರಿ ಲೋಡ್ ಹೊಡೆದವನು, ದಾರಿ ಗೊತ್ತು. ನಾನು ಬರುವುದಿಲ್ಲ ಅಂದೆ. ಬಸ್ಸಿನಲ್ಲಿ ಸುಮ್ಮನೆ ಕೂತು ಹೋಗಿ ನನಗೆ ಅಭ್ಯಾಸವಿಲ್ಲ.

ಸಂಜೆ ಅಯ್ನೋರು ಗೋಡೌನಿಗೆ ಬಂದರು. ನನ್ನ ಕೈಯಲ್ಲಿ ಅವರ ಹಳೇ ವಿಸಿಲ್ ಇಟ್ಟರು.

"ಬಲಗಣ್ಣು ಐತಲ್ಲ. ಬಾಗ್ಲಲ್ಲಿ ನೀನ್ ನಿಂತ್ಕೊ. ನಾ ತಲೆ ಎಣಿಸ್ತೀನಿ. ಒಬ್ಬನೇ ಎರಡು ಕೆಲ್ಸ ಮಾಡಬಾರ್ದು, ಹಳೇಬೀಡಲ್ಲೇ ಗೊತ್ತಾಯ್ತು."

ಅತ್ತುಬಿಟ್ಟೆ. ಅವರು ಬೇಕಂತಲೇ ಟೈರ್ ಒದ್ದು ಗಾಳಿ ನೋಡುತ್ತಾ ಆ ಕಡೆ ಹೋದರು.

2 ಫೆಬ್ರವರಿ, ಸೋಮವಾರ. ಬೆಳಿಗ್ಗೆ 6.05

ಚಾಲಕ: ದ್ಯಾ

ಹೊಡೆದುಹಾಕಿದೆ.

ಚಾಲಕ: ಕುಮಾರ. ಕಿ.ಮೀ. 1,84,451.

ಎರಡು ಪದ ಬರೆಯಲು ಇಷ್ಟು ಹೊತ್ತು. ನೋಯಲಿಲ್ಲ ಅಂದರೆ ಅದೂ ಸುಳ್ಳಾಗುತ್ತದೆ.

ಚಕ್ರದಡಿ ನಿಂಬೆಹಣ್ಣು ಇಟ್ಟಾಯಿತು. ಲಕ್ಕಮ್ಮ ಕಾಯಿ ಒಡೆದಳು. ಬಾಗಿಲ ಮೆಟ್ಟಿಲ ಮೇಲೆ ನಿಂತು ಬರೆಯುತ್ತಿದ್ದೇನೆ. ಇಲ್ಲಿಂದ ಬಸ್ಸು ಬೇರೆಯೇ ಕಾಣುತ್ತದೆ, ಇಷ್ಟು ಉದ್ದ ಅಂತ ಗೊತ್ತಿರಲಿಲ್ಲ. ಕುಮಾರ ನನ್ನ ಕಡೆಗೇ ಕಿವಿಗೊಟ್ಟು ಕೂತಿದ್ದಾನೆ.

ಒಳಗೆ ಅಯ್ನೋರು ಮೂರನೇ ಸಲ ಎಣಿಸುತ್ತಿದ್ದಾರೆ. "ಏಳಿರ್ಬೇಕು, ಆರೇ ಬತ್ತೈತಲ್ಲಪ್ಪ!" ತಮ್ಮನ್ನು ಬಿಟ್ಟು ಎಣಿಸುತ್ತಿದ್ದಾರೆ. ಹೇಳಬೇಕು.

ಎಡಗಡೆ ಒಂದು ಹಸು. ತಲೆ ಪೂರ್ತಿ ತಿರುಗಿಸಿ ನೋಡಿದೆ. ದಾಟಲಿ… ದಾಟಿತು. ಹಾಲಿನವನ ಸೈಕಲ್ಲೂ ಹೋಯಿತು. ಇನ್ನೊಂದು ಸಲ ನೋಡಿದೆ. ಯಾರೂ ಇಲ್ಲ. ಪೆನ್ನು ಜೇಬಿಗೆ, ವಿಸಿಲ್ ಬಾಯಿಗೆ.